ಅವನಿಗೆಂದು ಬರೆಯದೆ ಬಿಟ್ಟ ಪುಟ

"ನಿಲ್ಲಿಸಿ. ನಾನು ಬರೆದದ್ದು ಇದಲ್ಲ."

ಆನಿ ಪಿಯಾನೋ ಬಿಟ್ಟು ಎದ್ದೇಬಿಟ್ಟಳು. ಅವಳ ಕೃತಿಯ ಅಭ್ಯಾಸ ನಡೆಯುತ್ತಿದ್ದ ಕುದ್ರೋಳಿಯ ಆ ಸಣ್ಣ ಹಾಲ್‌ನಲ್ಲಿ ವಯೊಲಿನ್‌ಗಳೆಲ್ಲ ಥಟ್ಟನೆ ನಿಂತವು. ನಿಲ್ಲದ್ದು ಒಂದೇ... ದೀಪೇಶನ ಸ್ಯಾಕ್ಸೊಫೋನ್.

ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ರಾಗ ನುಡಿಸಿ ಬೆಳೆದವನು ಅವನು. ಹಿಡಿದ ಸ್ವರವನ್ನು ಮುಗಿಸಿಯೇ ಕಣ್ಣು ತೆರೆದ.

"ನೀವು ಬರೆದದ್ದು ಮುಗೀತು. ನನಗೆ ಇನ್ನೂ ಹೇಳ್ಲಿಕ್ಕೆ ಇತ್ತು."

ಎಂಥ ಸೊಕ್ಕು! ಚರ್ಚಿನ ಕ್ವಾಯರ್‌ನಲ್ಲಿ ಸ್ವರ ಬರೆದ ಕಾಗದ ನೋಡಿಯೇ ನುಡಿಸಿ ಕಲಿತ ಆನಿಗೆ ಮೈ ಉರಿಯಿತು. ಆದರೆ ಶಕ್ತಿನಗರದ ಮನೆ ಸೇರಿದ ಮೇಲೂ ಆ ಸ್ವರಗಳು ಅವಳನ್ನು ಬಿಡಲಿಲ್ಲ. ಫೋನಿನಲ್ಲಿದ್ದ ಅಂದಿನ ರೆಕಾರ್ಡಿಂಗ್ ಮತ್ತೆ ಮತ್ತೆ ಕೇಳಿದಳು. ಕೇಳುತ್ತಾ ಕೇಳುತ್ತಾ ಅವನು ನುಡಿಸಿದ್ದನ್ನೆಲ್ಲ ಬರೆದಿಟ್ಟಳು.

ಮುಂದಿನ ಅಭ್ಯಾಸಕ್ಕೆ ಅದನ್ನು ಅವನ ಕೈಗೆ ಕೊಟ್ಟಳು. "ನೀವು ಅವತ್ತು ನುಡಿಸಿದ್ದು. ಒಂದು ಸ್ವರವೂ ಬಿಟ್ಟಿಲ್ಲ."

ತಂಡದ ನಿರ್ದೇಶಕ ಮುಖೇಶ್ ಬಗ್ಗಿ ನೋಡಿದರು. "ಒಳ್ಳೆದಾಯ್ತು. ಕಛೇರಿಯಲ್ಲಿ ಇಷ್ಟೇ ನುಡಿಸಿ ದೀಪೇಶ್. ಮನಸ್ಸಿಗೆ ಬಂದ ಹಾಗೆ ಊದ್ಲಿಕ್ಕಿಲ್ಲ."

ದೀಪೇಶ್ ಆನಿಯ ಮುಖ ನೋಡಿದ. ಅವಳು ಕಾಗದದತ್ತ ಕಣ್ಣು ತಗ್ಗಿಸಿದಳು.

"ಅವತ್ತಿನದ್ದೇ ಬೇಕಾದ್ರೆ ನಾನು ಯಾಕೆ? ರೆಕಾರ್ಡ್ ಹಾಕಿ." ವಾದ್ಯ ಪೆಟ್ಟಿಗೆಗೆ ಹಾಕಿ ಹೊರಟೇಹೋದ.

'ಅವನನ್ನು ಕಟ್ಟಿಹಾಕಲು ಬರೆದೆನೇ ನಾನು?' ಆನಿ ಮುಖೇಶರತ್ತ ತಿರುಗಿದಳು.

"ಸರ್, ಆ ಪುಟ ತೆಗೀತೇನೆ. ಅದು ಅವರ ಜಾಗ, ಖಾಲಿ ಇರ್ಲಿ."

"ಖಾಲಿ ಪುಟ ಇಟ್ಕೊಂಡು ಕಛೇರಿ ಮಾಡುದಾ? ಹಾಗಾದ್ರೆ ನಿನ್ನ ಕೃತಿಯೇ ಬೇಡ."

"ಬೇಡ ಸರ್. ಅವರಿಲ್ಲದೆ ನುಡಿಸ್ಲಿಕ್ಕೆ ನಾನೂ ಕೊಡುದಿಲ್ಲ."

ರಿಕ್ಷಾ ಹಿಡಿದು ಪಂಪ್‌ವೆಲ್‌ಗೆ ಬಂದಾಗ ಅವನು ಬಸ್ಸಿಗೆ ಕಾಯುತ್ತಿದ್ದ.

"ಕೃತಿ ವಾಪಸ್ ತಗೊಂಡೆ."

"ನಿಮಗೆ ಎಂತ ಮರ್ಲಾ, ಹುಚ್ಚಾ? ಇಷ್ಟು ಕಷ್ಟಪಟ್ಟು ಬರೆದದ್ದಲ್ವಾ?"

"ನಿಮ್ಮ ಮಾತು ನಾನು ಬರೀಲಿಕ್ಕೆ ಆಗುದಿಲ್ಲ ಅಂತ ಈಗ ಗೊತ್ತಾಯ್ತು."

"ಹಾಗಾದ್ರೆ ಅವತ್ತಿನದ್ದು ಯಾಕೆ ಬರೆದದ್ದು?"

"ಇನ್ನೊಮ್ಮೆ ನೀವು ಹಾಗೆ ನುಡಿಸ್ತೀರೋ ಇಲ್ವೋ ಅಂತ... ಹೆದರಿಕೆ ಆಯ್ತು."

ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

ಅದೇ ಹಾಲ್‌ನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಮುಂದಿನ ತಿಂಗಳು ಇಬ್ಬರೂ ತಾವೇ ಕಛೇರಿ ಮಾಡಿದರು. ಮುಖೇಶ್ ಬೇಡವೆಂದರೂ ವಯೊಲಿನ್‌ನವರು ಬಂದರು. ಬರೆದ ಭಾಗ ಮುಗಿಯಿತು. ದೀಪೇಶ್ ಕಣ್ಣು ಮುಚ್ಚಿ ತನ್ನದನ್ನು ನುಡಿಸತೊಡಗಿದ. ಸ್ವಲ್ಪ ಹೊತ್ತಿಗೆ ಅವಳತ್ತ ತಿರುಗಿ, ಬಾ ಎಂದು ತಲೆಯಾಡಿಸಿದ.

ಕಾಗದವಿಲ್ಲದೆ ಅವಳು ಎಂದೂ ನುಡಿಸಿದವಳಲ್ಲ. ಆದರೂ ನುಡಿಸಿದಳು.

ಜನರ ಚಪ್ಪಾಳೆ ನಿಂತ ಮೇಲೆ ಮೆಲ್ಲಗೆ ಹೇಳಿದಳು, "ನಡುವೆ ನನಗೆ ಒಂದು ಸ್ವರ ತಪ್ಪಿತು."

"ಗೊತ್ತುಂಟು. ಅದನ್ನೇ ಹಿಡ್ಕೊಂಡು ನಾನು ಮುಂದೆ ಹೋದದ್ದು."

"ದೀಪೇಶ್... ನನಗೆ ನೀನು ಬೇಕು. ಮನೆಯಲ್ಲಿ ಎಂತ ಹೇಳ್ತಾರೋ ಗೊತ್ತಿಲ್ಲ. ನಮ್ಮಲ್ಲೂ, ನಿಮ್ಮಲ್ಲೂ."

ಅವನು ಅವಳ ಕೈ ಹಿಡಿದ. "ಹೇಳ್ಲಿ ಮಾರಾಯ್ತಿ, ಪೂರ್ತಿ ಕೇಳುವ. ಆಮೇಲೆ ನಮ್ಮದು ನಾವು ನುಡಿಸುವ."