ಮುಚ್ಚಳದಯ್ಯನ ಗುಡ್ಡ

ಏಳು ಗುಡ್ಡ ಹತ್ತಿಳಿದು ಒಂದು ಹೊಳೆ ಈಜಿದರೆ ಸಿಗುವಷ್ಟು ದೂರದಲ್ಲಿ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಹೊನ್ನಹೊಳಲು ಎಂಬ ರಾಜ್ಯವಿತ್ತು. ಅಲ್ಲಿ ಹೊಳೆಯ ಮೀನುಗಳು ಮಾತಾಡುತ್ತಿದ್ದವು, ಕಲ್ಲಿನ ಆನೆಗಳು ನಡೆದಾಡುತ್ತಿದ್ದವು. ಆ ರಾಜ್ಯದಲ್ಲಿ ಭರಮಣ್ಣ ಎಂಬ ಹರಿಗೋಲು ಹೆಣೆಯುವವನಿದ್ದ. ಬಿದಿರು ಸೀಳಿ, ದೊಡ್ಡ ಬುಟ್ಟಿಯ ಹಾಗೆ ಹೆಣೆದು, ತೊಗಲು ಬಿಗಿದು ನೀರಿಗೆ ಬಿಟ್ಟನೆಂದರೆ ಆನೆಮರಿ ಹತ್ತಿದರೂ ಅದು ಮುಳುಗದು ಎಂದು ಜನ ಹೇಳುತ್ತಿದ್ದರು. ಅವನ ಹೆಂಡತಿ ಕೆಂಚವ್ವ. ಗಂಡ ಹೆಂಡತಿ ಹಾಲು ಸಕ್ಕರೆಯಂತೆ ಇದ್ದರು. ಆದರೆ ಮೂರು ವರ್ಷವಾದರೂ ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ.

ಅಂಥ ಮನೆಗೆ ರಾಜನ ಕಟ್ಟಳೆಯೊಂದಿತ್ತು. ಗಂಡ ಒಂದು ಕುಡಿಕೆ ಮಣ್ಣಿಗೆ, ಹೆಂಡತಿ ಒಂದು ಕುಡಿಕೆ ಮಣ್ಣಿಗೆ ಉಸಿರೂದಿ, ಜೋಳ ಬಿತ್ತಿ, ಸೂಲಗಿತ್ತಿಯ ಮನೆಯಲ್ಲಿಡಬೇಕು. ಗಂಡನದಕ್ಕೆ ವಿಭೂತಿ ಗುರುತು, ಹೆಂಡತಿಯದಕ್ಕೆ ಕುಂಕುಮ. ಒಂಬತ್ತನೆಯ ದಿನ ಗಂಡ ಹೋಗಿ, ಬಾಯಿಗೆ ಬಟ್ಟೆ ಕಟ್ಟಿದ ಕುಡಿಕೆಗಳನ್ನು ತಂದು ಊರ ಮುಂದೆ ಬಿಚ್ಚಬೇಕು. ಮೊಳೆಯದ ಕುಡಿಕೆ ಯಾರದೋ ಕೊರತೆ ಅವರದು. ಅವರು ಪ್ರತಿ ಅಮಾವಾಸ್ಯೆಗೆ ಹೊಳೆಯಿಂದ ಒಂದು ಕಲ್ಲು ಹೊತ್ತು ಗುಡ್ಡದ ತುದಿಗೆ ಒಯ್ಯಬೇಕು. ಎಪ್ಪತ್ತೆರಡು ಕಲ್ಲಾದರೂ ಮಗುವಾಗದಿದ್ದರೆ ಅವರು ಮನೆ ಬಿಟ್ಟು ಹೋಗಬೇಕು. ಸೋಜಿಗವೆಂದರೆ, ಆ ರಾಜ್ಯದಲ್ಲಿ ಅಲ್ಲಿಯವರೆಗೆ ಒಬ್ಬ ಗಂಡಸಿನ ಕುಡಿಕೆಯೂ ಮೊಳೆಯದೆ ಉಳಿದಿರಲಿಲ್ಲ. ಕುಡಿಕೆ ತರುವವರು ಗಂಡಸರೇ ಅಲ್ಲವೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಭರಮಣ್ಣನೂ ಒಂಬತ್ತನೆಯ ದಿನ ಹೋದ. ಬರುವಾಗ ತಡೆಯಲಾರದೆ ಹಾದಿಯಲ್ಲೇ ಕುಡಿಕೆಗಳ ಬಟ್ಟೆ ಬಿಚ್ಚಿ ನೋಡಿದ. ಕುಂಕುಮದ ಕುಡಿಕೆಯಲ್ಲಿ ಹಸಿರು ಮೊಳಕೆ ತಲೆಯೆತ್ತಿತ್ತು. ವಿಭೂತಿಯ ಕುಡಿಕೆಯಲ್ಲಿ ಕಾಳು ಕೊಳೆತು ನಾರುತ್ತಿತ್ತು.

ಅವನು ಕುಡಿಕೆಗಳನ್ನು ಮುಂದಿಟ್ಟುಕೊಂಡು ಅಲ್ಲೇ ಕೂತು ಅತ್ತ. ಆಗ ಗುಡ್ಡದ ಮೇಲಿನಿಂದ ಮುಚ್ಚಳದಯ್ಯ ಇಳಿದು ಬಂದ. ಅವನು ಗುಟ್ಟುಗಳ ಮೇಲೆ ಬದುಕುವ ಮಾಂತ್ರಿಕ. ತಲೆಯ ಮೇಲೆ ಟೊಪ್ಪಿಗೆಯ ಬದಲು ಒಂದು ಭರಣಿಯ ಮುಚ್ಚಳ.

"ಯಾಕಪ್ಪಾ ಅಳತೀ? ಗುರುತು ಅಳಿಸಿ ಬ್ಯಾರೆ ಬರಿ. ಇದರ ಮ್ಯಾಲ ನಾ ಮುಚ್ಚಳ ಹಾಕತೀನಿ. ಸತ್ತರೂ ಯಾರಿಗೂ ತಿಳಿಯೂದಿಲ್ಲ. ವರ್ಷಕ್ಕೊಂದು ಸಣ್ಣ ಕಾಣಿಕಿ ಕೊಟ್ಟರ ಸಾಕು," ಎಂದ.

ಭರಮಣ್ಣ ಗುರುತು ಅದಲುಬದಲು ಮಾಡಿ ಬಟ್ಟೆ ಮತ್ತೆ ಕಟ್ಟಿದ. ಊರ ಮುಂದೆ ಕುಡಿಕೆ ಬಿಚ್ಚಿದಾಗ ಕೆಂಚವ್ವ ತಲೆ ತಗ್ಗಿಸಿದಳು. ಮುಂದಿನ ಅಮಾವಾಸ್ಯೆಗೆ ಮೊದಲ ಕಲ್ಲು ಹೊತ್ತಳು.

ಒಂದನೆಯ ವರ್ಷ ಮುಚ್ಚಳದಯ್ಯ ಭರಮಣ್ಣನ ನಗು ಒಯ್ದ. ಎರಡನೆಯ ವರ್ಷ ನಿದ್ದೆ ಒಯ್ದ. ಮೂರನೆಯ ವರ್ಷ ಕೈಯ ಹದ ಒಯ್ದ. ಅವನು ಹೆಣೆದ ಹರಿಗೋಲು ನಡುಹೊಳೆಯಲ್ಲಿ ಬಾಯಿಬಿಡತೊಡಗಿತು. ಗೆಳೆಯರು ಕರೆದರೆ ಮೈ ಸರಿಯಿಲ್ಲ ಎನ್ನುತ್ತಿದ್ದ. ಯಾರ ಮನೆಯಲ್ಲಾದರೂ ನಾಮಕರಣವೆಂದರೆ ಊರು ಸುತ್ತಿ ಬೇರೆ ಹಾದಿ ಹಿಡಿಯುತ್ತಿದ್ದ. ಕೆಂಚವ್ವ ಕಲ್ಲು ಹೊತ್ತು ಬಂದ ದಿನ ಅವಳ ಕಾಲಿಗೆ ಬಿಸಿನೀರು ಹಾಕುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ. ತನ್ನಿಂದಾಗಿಯೇ ಗಂಡ ಕೊರಗುತ್ತಿದ್ದಾನೆಂದು ಆ ಹೆಣ್ಣು ಇನ್ನಷ್ಟು ಕೊರಗಿದಳು.

ಹೀಗೆ ಎಪ್ಪತ್ತೊಂದು ಕಲ್ಲಾಯಿತು. ಎಪ್ಪತ್ತೆರಡನೆಯದನ್ನು ಹೊರುವ ದಿನ ಬೆಳಗ್ಗೆ ಭರಮಣ್ಣ ಹೊಳೆಯ ಮಡುವಿನ ಅಂಚಿಗೆ ಬಂದು ನಿಂತ. ಬಹಳ ಹೊತ್ತು ನೀರನ್ನೇ ನೋಡಿದ. ಬದುಕು ಸಾಕಾಗಿತ್ತು. ಮಡುವಿನಿಂದ ಮುದಿ ಬಾಳೆಮೀನೊಂದು ತಲೆಯೆತ್ತಿತು.

"ಅಣ್ಣಾ, ಇಲ್ಲಿ ಇಳೀಬ್ಯಾಡ. ಇಳಿದವರನ್ನ ನಾ ಕಂಡೀನಿ. ಅವರ ಗುಟ್ಟು ಮಾತ್ರ ಗುಡ್ಡದ ಮ್ಯಾಲ ಹಂಗ ಐತಿ," ಎಂದಿತು.

"ಮತ್ತೇನು ಮಾಡಲಿ ತಾಯಿ?"

"ಅಂವ ಹಾಕಿದ ಮುಚ್ಚಳ ಬಾಯಿಮಾತಿಗೆ ತೆರೀತೈತಿ. ಗುಡ್ಡಕ್ಕ ಮೂರು ಬಾಗಿಲದಾವ. ಮೂರರ ಮುಂದೂ ನಿಂತು ಇದ್ದದ್ದು ಇದ್ದಂಗ ಹೇಳು."

ಭರಮಣ್ಣ ಗುಡ್ಡ ಹತ್ತಿದ. ಮೊದಲನೆಯ ಬಾಗಿಲಿಗೆ ಕಲ್ಲಾನೆ ಅಡ್ಡ ನಿಂತಿತ್ತು. ಅದಕ್ಕೆ ಮಾತು ಬಾರದು, ಕೇಳಿದ್ದನ್ನು ಯಾರಿಗೂ ಹೇಳದು. ಆದರೂ ಭರಮಣ್ಣ ಬಿಸಿಲೇರುವ ತನಕ ನಿಂತು, ಕೊನೆಗೆ ಆನೆಯ ಕಿವಿಯಲ್ಲಿ, "ಕೊರತಿ ನಂದು," ಎಂದು ಉಸುರಿದ. ಆನೆ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲ ಮೇಲೆ ಎರಡು ನಾಲಿಗೆಯ ಗೊರವಂಕ ಕೂತಿತ್ತು. ಕೇಳಿದ್ದನ್ನು ಸಂತೆಯಲ್ಲಿ ಸಾರುವುದೇ ಅದರ ಕಸುಬು. ಭರಮಣ್ಣ ಎರಡು ಸಲ ಹಿಂದೆ ತಿರುಗಿದ, ಎರಡು ಸಲ ಮರಳಿ ಬಂದ. "ಕೊರತಿ ನಂದು," ಎಂದ. ಹಕ್ಕಿ ಪುರ್ರನೆ ಸಂತೆಯ ಕಡೆ ಹಾರಿತು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ಬದಿಯ ಕಾಲುದಾರಿಯಿಂದ ತಲೆಯ ಮೇಲೆ ಕಲ್ಲು ಹೊತ್ತು, ಏದುಸಿರು ಬಿಡುತ್ತ ಕೆಂಚವ್ವ ಬಂದಳು.

"ನೀವ್ಯಾಕ ಬಂದ್ರಿ? ಇದೊಂದು ಇಟ್ಟು ನಾ ತವರಿಗೆ ಹೊಂಡತೀನಿ. ನೀವಾದರೂ ಸುಖವಾಗಿರ್ರಿ," ಎಂದಳು.

ಆನೆಗೆ ಹೇಳಿದ್ದು, ಹಕ್ಕಿಗೆ ಹೇಳಿದ್ದು ಏನೂ ಅಲ್ಲವೆಂದು ಭರಮಣ್ಣನಿಗೆ ಆಗ ತಿಳಿಯಿತು.

"ಕೆಂಚಿ, ಮೊಳೆತ ಕುಡಿಕಿ ನಿಂದು. ಕೊಳೆತದ್ದು ನಂದು. ಗುರುತು ಬದಲು ಮಾಡಿದವ ನಾನು."

ಕೆಂಚವ್ವ ಕಲ್ಲು ಇಳಿಸಲಿಲ್ಲ. ಹೊತ್ತುಕೊಂಡೇ ನಿಂತಳು.

"ನಿಮ್ಮವ್ವ ಸಾಯೂ ಮುಂದ, ಬಂಜಿ ಅಂತ, ನನ್ನ ಕೈಯಾಗಿನ ನೀರು ಕುಡೀಲಿಲ್ಲ. ಅವಾಗೂ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮಕ್ಕಳಿಲ್ಲ ಅಂತ ನಾ ಅತ್ತದ್ದು ಒಂದು ಪಾಲು. ನನ್ನಿಂದ ನಿಮಗ ಮಕ್ಕಳಿಲ್ಲ ಅಂತ ಅತ್ತದ್ದು ಮೂರು ಪಾಲು. ಆ ಮೂರು ಪಾಲು ಸುಳ್ಳಿಗೆ ಅತ್ತೆ ಅಂದಂಗಾತು."

"ಗಂಡಸಲ್ಲ ಅಂತಾರ ಅಂತ ಅಂಜಿದೆ. ನೀನೂ ಹಂಗ ನೋಡತೀ ಅಂತ ಅಂಜಿದೆ."

"ಒಂದು ಸಲ ಹೇಳಿ ನೋಡಬೇಕಿತ್ತು," ಎಂದು ಕೆಂಚವ್ವ ಕಲ್ಲನ್ನು ಎತ್ತಿ ಗಂಡನ ತಲೆಯ ಮೇಲಿಟ್ಟಳು. "ನಡೀರಿ. ಇದೊಂದು ನೀವು ಹೊರ್ರಿ."

ಭರಮಣ್ಣ ಹೊತ್ತ. ಮೂರನೆಯ ಬಾಗಿಲು ತಾನಾಗಿಯೇ ತೆರೆಯಿತು. ಕತ್ತು ಮುರಿಯುವಷ್ಟು ಭಾರ. ಅವಳು ಹೊತ್ತ ಎಪ್ಪತ್ತೊಂದರ ಲೆಕ್ಕ ಅವನ ಎದೆಯಲ್ಲಿ ಹಾದುಹೋಯಿತು. ತುದಿಯಲ್ಲಿ ಹೆಂಗಸರು ಹೊತ್ತು ತಂದ ಕಲ್ಲುಗಳಿಂದಲೇ ಕಟ್ಟಿದ ಕೋಟೆಯಿತ್ತು. ಒಳಗೆ ಸಾಲು ಸಾಲು ಭರಣಿಗಳು, ಅವುಗಳ ನಡುವೆ ಮುಚ್ಚಳದಯ್ಯ. ಕಲ್ಲು ಹೊತ್ತ ಗಂಡಸು ಹೊಸಿಲು ದಾಟಿದ್ದೇ ತಡ, ಒಂದು ಭರಣಿಯ ಮುಚ್ಚಳ ಹಾರಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಅಯ್ಯ ಒಂದನ್ನು ಮುಚ್ಚುವುದರೊಳಗೆ ಹತ್ತು ತೆರೆದವು. ಒಳಗಿನಿಂದ, ಕೆಳಗಿನ ಊರಿಗೂ ಕೇಳುವಂತೆ, ಗಂಡಸರ ದನಿಗಳು ಬಂದವು: "ಕೊರತಿ ನಂದು." ಅದರಲ್ಲಿ ಊರ ಪೈಲವಾನನ ದನಿಯಿತ್ತು. ಭರಮಣ್ಣನನ್ನು ಕಂಡಾಗಲೆಲ್ಲ ತಮಾಷೆ ಮಾಡುತ್ತಿದ್ದ ಪಕ್ಕದ ಮನೆಯವನ ದನಿಯಿತ್ತು. ಎಲ್ಲಕ್ಕಿಂತ ದೊಡ್ಡ ಭರಣಿಯಿಂದ ಬಂದದ್ದು ಕಟ್ಟಳೆ ಮಾಡಿದ ರಾಜನದೇ ದನಿ.

ಇಷ್ಟು ಮಂದಿ ಇದ್ದೆವೆ, ಎಂದುಕೊಂಡ ಭರಮಣ್ಣ. ನಾನೊಬ್ಬನೇ ಎಂದುಕೊಂಡು ಆರು ವರ್ಷ ಸತ್ತೆನಲ್ಲ.

ಮುಚ್ಚಲು ಏನೂ ಉಳಿಯದೆ ಮಾಂತ್ರಿಕ ಕುಗ್ಗಿ ಕುಗ್ಗಿ ಇಲ್ಲವಾದ. ಕೋಟೆ ಕುಸಿದು ಕಲ್ಲುಗಳು ಉರುಳಿ ಹೊಳೆ ಸೇರಿದವು. ಭರಮಣ್ಣನಿಗೆ ಅಲ್ಲೇ ನಿದ್ದೆ ಬಂತು. ಎರಡು ದಿನ ಮಲಗಿದ.

ರಾಜ ಕಟ್ಟಳೆಯನ್ನು ಕಿತ್ತೊಗೆದ. ಮೂವರು ರಾಣಿಯರು ಅವನಿಗೆ ಏನಂದರೋ ಗೊತ್ತಿಲ್ಲ. ಎಂಟು ದಿನ ಅರಮನೆಯ ಬಾಗಿಲು ತೆರೆಯಲಿಲ್ಲ. ಆಮೇಲೆ ಅಂಥ ಗಂಡಸರು ಸೋಮವಾರದ ಸಂಜೆ ಹೊಳೆದಂಡೆಯಲ್ಲಿ ಕೂಡತೊಡಗಿದರು. ಒಬ್ಬ ಹೇಳುತ್ತಿದ್ದ, ಉಳಿದವರು ಕೇಳುತ್ತಿದ್ದರು. ಮೊದಮೊದಲು ಬರೀ ಕೆಮ್ಮುತ್ತಿದ್ದರು ಎನ್ನುವುದೂ ನಿಜ.

ಕೆಂಚವ್ವ ಮಾತ್ರ ತವರಿಗೆ ಹೋದಳು. ಕಟ್ಟಳೆಗಲ್ಲ, ಸಿಟ್ಟಿಗೆ. ಭರಮಣ್ಣನೇ ಹರಿಗೋಲಿನಲ್ಲಿ ದಾಟಿಸಿ ಬಂದ. ಸುಗ್ಗಿ ಮುಗಿದ ಮೇಲೆ ಅವಳು ತಾನಾಗಿಯೇ ಬಂದು ಒಲೆ ಹಚ್ಚಿದಳು.

"ಸಿಟ್ಟು ಹೋತೇನು?" ಎಂದು ಕೇಳಿದ.

"ಇನ್ನೂ ಐತಿ. ಆದರ ಮನಿ ನಂದೂ ಐತಿ," ಎಂದಳು.

ಮಗು ಹುಟ್ಟಿತೆ ಎಂದು ಕೇಳುತ್ತೀರಿ. ಇಲ್ಲ. ಮಾಯೆಯ ರಾಜ್ಯದಲ್ಲೂ ಕೆಲವು ಆಗುವುದಿಲ್ಲ. ಒಂದು ದಿನ ಪಕ್ಕದ ಓಣಿಯ ನಾಮಕರಣಕ್ಕೆ ಇಬ್ಬರೂ ಹೋದರು. ಭರಮಣ್ಣ ಕೂಸನ್ನು ಎತ್ತಿಕೊಂಡ, ಅದು ಅವನ ಮೀಸೆ ಹಿಡಿದು ಜಗ್ಗಿತು, ಎಲ್ಲರ ಜೊತೆ ಅವನೂ ನಕ್ಕ. ಮನೆಗೆ ಬಂದು ಕಟ್ಟೆಯ ಮೇಲೆ ಕೂತ.

"ಕೆಂಚಿ, ಇವತ್ತು ಭಾಳ ಸಂಕಟ ಆಗಾಕತ್ತೈತಿ."

"ನನಗೂ," ಎಂದು ಕೆಂಚವ್ವ ಬಂದು ಪಕ್ಕದಲ್ಲಿ ಕೂತಳು.

ಹೊನ್ನಹೊಳಲಿನವರೆಲ್ಲ ಅಂದಿನಿಂದ ಸುಖವಾಗಿದ್ದರು. ಇವರಿಬ್ಬರೂ ಸುಖವಾಗಿದ್ದರು, ಒಮ್ಮೊಮ್ಮೆ ಜೊತೆಗೆ ಕೂತು ಅತ್ತುಕೊಂಡು.