ಹೆಸರಿಡದ ನೇರಳೆ

"ಪಟ್ಟೆ ಬಳಕೊ, ಎಸರು ಮಾತ್ರ ಬರೀಬ್ಯಾಡ ಕಣಪ್ಪ," ಎಂದಳು ಮುದುಕಿ ದೊಡ್ಡತಾಯಮ್ಮ. "ಎಸರಿಡಕ್ ಮುಂಚೆ ತೀರ್ಕಂಡ ಕೂಸುಗಳು ಇಲ್ಲಿ ಮಲಗ್ಕಂಡವೆ. ಒಂದೊಂದರ ಮ್ಯಾಲೂ ಒಂದೊಂದು ಗಿಡ ನೆಟ್ಟಿವಿ. ಯಾರ ಎಸರು ಸಿಕ್ಕುದ್ರೂ ಈಸ್ಕಬುಡ್ತವೆ."

ದಯಾನಂದ್ ನಕ್ಕ. ತಾಳವಾಡಿ ಪೇಟೆಯಂಚಿನ ಆ ತೋಪು ಬಡಾವಣೆಯಾಗುವ ಮುನ್ನ, ಉಳಿಸತಕ್ಕ ಮರಗಳ ಕಾಂಡಕ್ಕೆ ಸುತ್ತಲೂ ಬಿಳಿ ಪಟ್ಟೆ ಬಳಿಯಲು ಸತ್ಯಮಂಗಲದಿಂದ ಬಂದವನು. ಪಟ್ಟೆಯಿಲ್ಲದ್ದನ್ನೆಲ್ಲ ಜೆಸಿಬಿ ಉರುಳಿಸುತ್ತದೆ.

"ಹೆಸರಿಲ್ದಿದ್ರೆ ರೇಷನ್ ಕಾರ್ಡೂ ಸಿಕ್ಕಲ್ಲ ಅಜ್ಜಿ. ಪಾಪ, ನನ್ನ ಮಗಳದ್ದೇ ಕೊಡ್ತೀನಿ."

ತೋಪಿನಲ್ಲೇ ಚೆಂದದ ನೇರಳೆಗೆ ಪಟ್ಟೆ ಬಳಿದು, ಅದರ ಮೇಲೆ ಕೆಂಪಿನಲ್ಲಿ 'ಚೈತ್ರ' ಎಂದು ಬರೆದ.

"ಅದು ನಂದು ಕಣಪ್ಪ," ಎಂದಳು ಮುದುಕಿ ಮೆಲ್ಲಗೆ.

ಗಾಳಿ ನಿಂತಿತು. ನಡುಮಧ್ಯಾಹ್ನವೇ ಮರದಡಿ ಕತ್ತಲು ಕವಿಯಿತು. ಬಣ್ಣದ ನಾತದ ನಡುವೆ ಎಳೆಗೂಸಿನ ಹಾಲಿನ ವಾಸನೆ. ಫೋನ್ ಬಡಿದುಕೊಂಡಿತು.

"ರೀ, ಮಗು ಕರೆದ್ರೆ ತಿರುಗ್ತಿಲ್ಲ! ಕಣ್ಣು ಬಿಟ್ಟೇ ಇದೆ, ಮೈ ತಣ್ಣಗಾಗ್ತಿದೆ!" ಹೆಂಡತಿ ಅಳುತ್ತಿದ್ದಳು.

"ಚೈತ್ರಾ!" ಎಂದು ಕೂಗಿದ.

"ಆಂ," ಎಂದಿತು ಬೆನ್ನ ಹಿಂದಿನ ಮರ.

ಅಂಗೈಯಿಂದ ಉಜ್ಜಿದ. ಉಗುರಿನಿಂದ ಕೆರೆದ. ಉಗುರು ಕಿತ್ತುಬಂತು. ಹೆಸರು ಹೋಗಲಿಲ್ಲ.

"ತೊಗಟೆಗೆ ಇಳುದು ಸುತ್ತಲೂ ಅರಡ್ಬುಟ್ಟದೆ. ಪಟ್ಟೆ ಪೂರಾ ಸುಲೀಬೇಕು." ದೊಡ್ಡತಾಯಮ್ಮ ಕುಡುಗೋಲು ತೆಗೆದಳು.

ಸುತ್ತಲೂ ತೊಗಟೆ ಸುಲಿದ ಮರ ಬದುಕದು. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಜ್ಜಿ, ಇದು ಸತ್ತೋಗುತ್ತೆ..."

"ನಿಂದು ಇನ್ನೂ ಉಸುರಾಡ್ತಾ ಅದೆ ಕಣಪ್ಪ. ಅತ್ಲಾಗ್ ತಿರುಕ್ಕೊ."

ಒಂದು ಸೀಳು. ಇನ್ನೊಂದು. ಫೋನಿನಲ್ಲಿ ಅಳು. ಅರ್ಧ ಸುತ್ತು.

"ಅವ್ವಾ," ಎಂದಿತು ಮರ.

ನಲವತ್ತು ವರ್ಷದಲ್ಲಿ ಅದು ಅವಳನ್ನು ಕರೆದದ್ದು ಇದೇ ಮೊದಲು. ಕುಡುಗೋಲು ನಿಂತಿತು.

"ಏನ್ ಕಂದಾ," ಎಂದಳು ದೊಡ್ಡತಾಯಮ್ಮ. ಮತ್ತೆ ಸುಲಿದಳು. ಕೊನೆಯ ಚೂರೂ ಬಿತ್ತು.

ಫೋನಿನಲ್ಲಿ ಎಳೆಯ ದನಿ: "ಅಪ್ಪಾ, ಬರುವಾಗ ಮಿಠಾಯಿ ತರ್ತೀಯಾ?"

ದಯಾನಂದ್ ಮರಗಳ ಪಟ್ಟಿ ತೆಗೆದ. ಪಟ್ಟಿ ಮುಗಿಸಲೇಬೇಕಿತ್ತು. 'ನೇರಳೆ, ಒಂದು. ಒಣಗುತ್ತದೆ, ಕಡಿಯಬಹುದು' ಎಂದು ಬರೆದ. ಬರೆಯುತ್ತಲೇ ಬಿಕ್ಕಿದ.

ಸೆರಗು ಹರಿದು ಮರದ ಗಾಯಕ್ಕೆ ಸುತ್ತಿ, ಕಾಂಡವನ್ನು ಮೆಲ್ಲಗೆ ತಟ್ಟುತ್ತಿದ್ದ ದೊಡ್ಡತಾಯಮ್ಮ ತುಟಿಗೆ ಬೆರಳಿಟ್ಟಳು.

"ಸದ್ದು ಮಾಡ್ಬ್ಯಾಡ ಕಣಪ್ಪ. ಈಗ್ತಾನೆ ಮಲಗ್ಕಂಡದೆ."