ಅಕ್ಕಿ ಆರಿಸುವ ದೇವೀರಿ ಮತ್ತು ಬುಗುರಿ ಮಾಂತ್ರಿಕ

ಬಹಳ ಬಹಳ ಹಿಂದೆ, ಗಿಡುಗಗಳು ರಾಜನಿಗೂ ತಲೆಬಾಗದಿದ್ದ ಕಾಲದಲ್ಲಿ, ಹೇಮಾವಳಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಡುಗೆಮನೆಯಲ್ಲಿ ದೇವೀರಿ ಎಂಬ ಹುಡುಗಿ ಅಕ್ಕಿ ಆರಿಸುತ್ತಿದ್ದಳು. ಅವಳ ಅಪ್ಪ ತಿರುಮಳಯ್ಯ ಅರಮನೆಯ ದೊಡ್ಡ ಬಾಣಸಿಗ. ಅಕ್ಕಿ ಆರಿಸುವವರಿಗೆ ಅಲ್ಲೊಂದು ಕಟ್ಟಳೆ ಇತ್ತು. ಕಲ್ಲು ಸಿಕ್ಕರೆ ಬೈಯಬಾರದು, ಸಿಡುಕಬಾರದು. ತೆಗೆದು ಪಕ್ಕಕ್ಕಿಟ್ಟು ಮುಂದಿನ ಕಾಳು ನೋಡಬೇಕು. ಇದೂ ಒಂದು ವಿದ್ಯೆಯೇ ಎಂದು ಒಗ್ಗರಣೆ ಹಾಕುವವರು ಮೂಗು ಮುರಿಯುತ್ತಿದ್ದರು.

ಆ ರಾಜ್ಯಕ್ಕೆ ಒಂದು ಪೀಡೆ ಗಂಟುಬಿತ್ತು. ಗಾಳಿಗುಡ್ಡದ ಮಾಂತ್ರಿಕ ಬಿರುಸಾಸುರ ಜನರ ಕಿವಿಗೆ ದುಂಬಿ ಬಿಡತೊಡಗಿದ. ದುಂಬಿ ಒಳಗೆ ಕೂತು, "ಮುಂದೇನು? ಮುಂದೇನು?" ಎಂದು ಗುಂಯ್‌ಗುಡುತ್ತಿತ್ತು. ದುಂಬಿ ಹೊಕ್ಕವರಿಗೆ ಊಟ ಸೇರದು, ನಿದ್ದೆ ಹತ್ತದು. ಏಳನೆಯ ದಿನ ಅವರು ಗಿರಗಿರನೆ ತಿರುಗಿ ಮರದ ಬುಗುರಿಯಾಗುತ್ತಿದ್ದರು. ಮಾಂತ್ರಿಕನ ಗಿಡುಗ ಬಂದು ಬುಗುರಿಯನ್ನು ಕಚ್ಚಿಕೊಂಡು ಹಾರುತ್ತಿತ್ತು.

ತಿರುಮಳಯ್ಯನ ಕಿವಿಗೂ ದುಂಬಿ ಹೊಕ್ಕಿತು. ಏಳನೆಯ ಬೆಳಗ್ಗೆ ಅವನು ಸಾರಿಗೆ ಮೂರು ಸಲ ಉಪ್ಪು ಹಾಕಿದ. "ಮಗಳೇ, ರಾಜರು ಬೈದರೆ? ಕೆಲಸ ಹೋದರೆ? ನೀನು..." ಎನ್ನುತ್ತಲೇ ತಿರುಗಿದ, ತಿರುಗಿದ, ಬುಗುರಿಯಾದ! ಗಿಡುಗ ಎರಗಿತು, ಎತ್ತಿತು, ಹೋಯಿತು.

"ಸೂರ್ಯ ಮುಳುಗಿದ್ರೆ, ಆ ಮಾಂತ್ರಿಕ ಬದುಕಿರೋವರೆಗೂ ಅವನು ಮತ್ತೆ ಮನುಷ್ಯನಾಗೋದಿಲ್ಲ ಕಣವ್ವ," ಎಂದು ಮುದಿ ಮಂತ್ರಿ ಕಣ್ಣೊರೆಸಿಕೊಂಡ.

"ಹಂಗಾದ್ರೆ ಅಳೋಕೆ ಹೊತ್ತಿಲ್ಲ!" ಎಂದವಳೇ ದೇವೀರಿ ಗಾಳಿಗುಡ್ಡದತ್ತ ಓಡಿದಳು.

ಗುಡ್ಡದ ಬಾಗಿಲಲ್ಲಿ ಬೆಂಕಿಯ ಗೂಳಿ ನಿಂತಿತ್ತು. ದೇವೀರಿಯ ಎದೆ ಡವಡವ ಎಂದಿತು. ಉಸಿರು ಏರಿತು, ಏರಿದಷ್ಟೂ ಗೂಳಿ ಬೆಳೆಯಿತು! ತಾಳೆಮರದಷ್ಟಾಯಿತು! ಓಹೋ, ಇದು ನನ್ನ ಉಸಿರನ್ನೇ ತಿಂದು ಕೊಬ್ಬುತ್ತಿದೆ ಎಂದು ಅವಳಿಗೆ ಹೊಳೆಯಿತು. ಅಲ್ಲೇ ಕುಳಿತಳು. ಉಸಿರು ಒಳಗೆ ಬಂದದ್ದನ್ನು ನೋಡಿದಳು, ಹೊರಗೆ ಹೋದದ್ದನ್ನು ನೋಡಿದಳು. ಗೂಳಿ ಕುಗ್ಗಿತು. ಮತ್ತೂ ನೋಡಿದಳು. ಕೊನೆಗೆ ಮೆದು ಮೂಗಿನ ಒಂದು ಕರು ಅವಳ ಅಂಗೈ ನೆಕ್ಕಿತು.

"ಅಕ್ಕಾ, ಮುಂದೆ ಸೇತುವೆ ಐತೆ," ಎಂದಿತು ಕರು. "ಅದಕ್ಕೆ ಹಲಗೆಯಿಲ್ಲ. ಎರಡನೇ ಹೆಜ್ಜೆ ಯೋಚಿಸಿದೋರು ಮೊದಲನೇ ಹೆಜ್ಜೇಲೇ ಬಿದ್ರು."

ಕೆಳಗೆ ಪಾತಾಳ. ಮೇಲೆ ಬರೀ ಎರಡು ಹಗ್ಗ. ದೇವೀರಿ ಹಿಮ್ಮಡಿ ಇಟ್ಟಳು, ಅಂಗಾಲು ಇಟ್ಟಳು, ಬೆರಳು ಊರಿದಳು. ಕಾಲಡಿ ಹಲಗೆಯೊಂದು ಮೂಡಿತು! ನಡುವೆ, ಹೊತ್ತು ಎಷ್ಟಾಯಿತೋ ಎಂದುಕೊಂಡಳು ನೋಡಿ, ಹಲಗೆ ಮಾಯ! ಒಂದು ಕೈ ಹಗ್ಗಕ್ಕೆ ಸಿಕ್ಕಿದ್ದು ಪುಣ್ಯ. ಮತ್ತೆ ಹಿಮ್ಮಡಿ, ಮತ್ತೆ ಅಂಗಾಲು. ಹಾಗೇ ದಾಟಿದಳು. ಹಿಂದೆಯೇ ಕರುವೂ ಬಂತು.

ಬಿರುಸಾಸುರ ನೂರಾರು ಬುಗುರಿಗಳ ನಡುವೆ ಕುಳಿತಿದ್ದ. ಪಕ್ಕದಲ್ಲಿ ಗುಡ್ಡದಷ್ಟು ಅಕ್ಕಿ.

"ಬಂದ್ಯಾ ಹುಡುಗಿ? ಈ ರಾಶೀಲಿ ಒಂದೇ ಒಂದು ಕರಿ ಕಲ್ಲಿದೆ. ನನ್ನ ಜೀವ ಅದರೊಳಗಿದೆ. ಸೂರ್ಯ ಮುಳುಗೋದ್ರೊಳಗೆ ತೆಗೆದರೆ ನಿಮ್ಮಪ್ಪ ಉಳಿದ. ಇಲ್ಲದಿದ್ರೆ ನೀನೂ ಬುಗುರಿ!" ಎಂದು ನಕ್ಕು ಅವಳ ಕಿವಿಗೂ ದುಂಬಿ ಬಿಟ್ಟ.

"ಅಪ್ಪ ಹೋದ! ಹೊತ್ತು ಮುಳುಗಿತು! ಮುಂದೇನು?" ಎಂದಿತು ದುಂಬಿ.

"ತೊಲಗು, ದರಿದ್ರ!" ಎಂದು ದೇವೀರಿ ಕಿವಿಗೆ ಹೊಡೆದುಕೊಂಡಳು. ದುಂಬಿ ಏಳಾಯಿತು. ಅಕ್ಕಿ ಇನ್ನೊಂದು ಮೂಟೆ ಹೆಚ್ಚಿತು. ಮತ್ತೆ ಬೈದಳು, ಎಪ್ಪತ್ತು ದುಂಬಿ, ಇನ್ನೊಂದು ಮೂಟೆ! ಸೂರ್ಯ ಗುಡ್ಡದ ನೆತ್ತಿಗೆ ತಾಗಿದ್ದ. ಹತ್ತು ವರ್ಷ ಕಲ್ಲಿಗೆ ಬೈಯದವಳು ಈಗ ದುಂಬಿಗೆ ಬೈಯುತ್ತ ಕೂತಿದ್ದೇನಲ್ಲ ಎಂದು ತನ್ನ ಮೇಲೇ ನಾಚಿಕೆಯಾಯಿತು.

"ಅಪ್ಪ ಹೋದ!" ಎಂದಿತು ದುಂಬಿ.

"ಹ್ಞೂ, ನಂಗೆ ಭಯ ಆಗ್ತಿದೆ," ಎಂದು ದೇವೀರಿ ಮೆಲ್ಲಗೆ ಒಪ್ಪಿಕೊಂಡು ಒಂದು ಕಾಳು ನೋಡಿದಳು.

"ಕತ್ತಲಾಯ್ತು!"

"ಹ್ಞೂ, ಆಗ್ತಿದೆ." ಇನ್ನೊಂದು ಕಾಳು.

ಪೂರಾ ಮನಸ್ಸಿಟ್ಟು ನೋಡಿದ ಒಂದೊಂದು ಕಾಳಿಗೂ ಒಂದೊಂದು ಮೂಟೆ ಕರಗಿತು! ಬೈಗುಳ ಸಿಗದ ದುಂಬಿಗಳು ಬೇಸತ್ತು ಒಂದೊಂದಾಗಿ ಕಿವಿಯಿಂದ ಹಾರಿಹೋದವು. ಸೂರ್ಯನ ಅಂಚು ಉಳಿದಿರುವಾಗ ಅವಳ ಬೆರಳಿಗೆ ಕರಿ ಕಲ್ಲು ತಾಗಿತು.

"ಕೊಡೇ ಅದನ್ನ!" ಎಂದು ಬಿರುಸಾಸುರ ಹಾರಿಬಂದ.

ದೇವೀರಿ ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಅಷ್ಟೇ. ಕರು ಗೊರಸಿನಿಂದ ಒಮ್ಮೆ ತುಳಿಯಿತು. ಕಲ್ಲು ಪುಡಿಯಾಯಿತು! ಮಾಂತ್ರಿಕ ತಾನೇ ಗಿರಗಿರನೆ ತಿರುಗಿ ಹೊಗೆಯಾಗಿ ಹೋದ. ಬುಗುರಿಗಳೆಲ್ಲ ನಿಂತು, ಹೊರಳಿ, ಮನುಷ್ಯರಾಗಿ ಎದ್ದವು. ತಿರುಮಳಯ್ಯ ಮಗಳನ್ನು ಅಪ್ಪಿಕೊಂಡು ಗಳಗಳ ಅತ್ತ.

ಹೇಮಾವಳಿಯಲ್ಲಿ ಹಬ್ಬವೋ ಹಬ್ಬ! ಮುಂದೆಯೂ ಅಲ್ಲಿಗೆ ದುಂಬಿಗಳು ಬರುತ್ತಿದ್ದವು, ದುಂಬಿಗಳಲ್ಲವೇ. ಆದರೆ ಯಾರೂ ಬುಗುರಿಯಾಗಲಿಲ್ಲ, ಎಲ್ಲರೂ ಸುಖವಾಗಿದ್ದರು. ಹಬ್ಬದ ದಿನ ರಾಜ ಖುದ್ದಾಗಿ ತಿರುಮಳಯ್ಯನಿಗೆ ಎಲೆ ಹಾಕಿಸಿದ. ಮೂವತ್ತು ವರ್ಷ ಊರಿಗೆಲ್ಲ ಬಡಿಸಿ ತಾನು ನಿಂತೇ ನುಂಗಿದವನು ಅಂದು ಚಕ್ಕಳಮಕ್ಕಳ ಹಾಕಿ ಕುಳಿತ.

"ಮುಂದೇನಪ್ಪ ಮಾಡ್ತೀಯ?" ಎಂದು ಕೇಳಿದಳು ದೇವೀರಿ.

"ಸುಮ್ನಿರು ಮಗಳೇ," ಎಂದ ತಿರುಮಳಯ್ಯ ತುತ್ತು ಕಲಸುತ್ತ, "ಉಣ್ತಾ ಇದ್ದೀನಿ."